ದೊಡ್ಡ ಹಳಿಯ ಕೂಗು

ಲಿಂಗಂಪಲ್ಲಿ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹಳಿ ಕೂಲಿಗಳು ಕುಳಿತಿದ್ದರು. ಹುಲಗೇಶ ಕೆಲಸಕ್ಕೆ ಹೊರಟವನು. ತಾಯಪ್ಪ ಕಳಿಸಲು ಬಂದವನು, ಮುಖ ಗಂಟಿಕ್ಕಿಕೊಂಡಿದ್ದ.

“ಮಾವ, ಘಟ್ಟದ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕ್ತಾರಂತ. ಇನ್ನ ಗೂಡ್ಸ್ ಗಾಡಿ ಓಡ್ತಾವಂತ,” ಎಂದ ಹುಲಗೇಶ.

“ಗೊತ್ತೈತಿ ಬಿಡಲೇ. ಇಷ್ಟು ದಿನ ಹಳಿ ಎತ್ತೂ ಮುಂದ ಕೂಗು ಹಾಕಾಂವ ನಾನು. ಈ ಸಲ ಗ್ಯಾಂಗಿನ ಮುಕಾದಮ ಕರದಿದ್ದು ನಿನ್ನ.”

“ನಿನ್ನ ದನಿ ಒಡದೈತಿ ಅಂದ.”

“ನೀ ದೊಡ್ಡ ಕೋಗಿಲಿ! ಕೂಗು ನೋಡೂನು.”

“ಎತ್ತೋ ಹೈಸಾ!” ಎಂದ ಹುಲಗೇಶ.

“ಥೂ, ಅದು ಸಣ್ಣ ಹಳಿ ಕೂಗು. ದೊಡ್ಡದು ಭಾಳ ಭಾರ. ಉದ್ದ ಎಳದು ಕೂಗಲಿಲ್ಲಂದ್ರ ಮಂದಿ ಒಮ್ಮೆಲೆ ಎತ್ತೂದಿಲ್ಲ. ಹಳಿ ಕಾಲಮ್ಯಾಲ ಬೀಳತೈತಿ.”

“ಹಂಗಾದ್ರ ಕಲಸು.”

“ನನ್ನ ಜಾಗಾ ತಗೊಂಡಿ, ಈಗ ಕೂಗೂ ಬೇಕಾ?”

“ಬ್ಯಾಡ ಬಿಡು. ಆದ್ರ ನಿನ್ನ ತಮ್ಮ ಚನ್ನೂ ಅದ ಗ್ಯಾಂಗಿನ್ಯಾಗ ಹಳಿ ಎತ್ತಾಕತ್ತಾನ.”

ಗಾಡಿ ಬಂತು. ಹುಲಗೇಶ ಹತ್ತಿದ ಮೇಲೆ ತಾಯಪ್ಪ ಬಾಗಿಲ ಬಳಿ ನಿಂತು, ಎದೆ ತುಂಬ ಉಸಿರು ಎಳೆದು, ಒಂದು ಉದ್ದದ ಕೂಗು ಹಾಕಿದ. ಹುಲಗೇಶ ಒಳಗಿನಿಂದ ಹಾಗೇ ಕೂಗಿದ. ಗಾಡಿ ಹೊರಟಿತು. ತಾಯಪ್ಪ ಅದರ ಪಕ್ಕದಲ್ಲೇ ಓಡುತ್ತ ಬೈದ:

“ಇನ್ನೂ ಉದ್ದ ಎಳಿಯೋ, ಹುಚ್ಚಪ್ಯಾಲಿ! ನಿನ್ನ ಕೈಲೆ ಆಗೂದಿಲ್ಲ. ನಾನ ಹೋಗಬೇಕಿತ್ತು!”