ಮಂಚೂರಿಯಾಕ್ಕೆ ಹೊರಟ ತುರುಬು

…ಅಲ್ಲಾಡಬೇಡ ಅಂದೆನಲ್ಲಾ! ನೆಟ್ಟಗೆ ಕೂತ್ಕೋ. ಹಾಂ, ಹಾಗೆ. ಕತ್ತು ಸ್ವಲ್ಪ ಮುಂದಕ್ಕೆ. ಹಲ್ಲು ಮುರಿದಿರೋ ಬಾಚಣಿಗೆ ಇದು ಕಣೇ ಕಿನುಯೆ, ನೀನು ಅಲ್ಲಾಡಿದ್ರೆ ಕೂದಲು ಬುಡಸಮೇತ ಕಿತ್ಕೊಂಡು ಬರತ್ತೆ. ಆಮೇಲೆ ತೋಮೆ ಅತ್ತೆ ಕೈ ಒರಟು ಅಂತ ಊರೆಲ್ಲಾ ಹೇಳ್ಕೊಂಡು ಬರ್ತೀಯ. ಅಲ್ಲಾ… ಯಾರಿಗೆ ಹೇಳ್ತೀಯ? ನಾಳೆ ಬೆಳಿಗ್ಗೆ ರೈಲು ಹತ್ತೋಳು!

ಉಹುಂ, ಮಾತಾಡಬೇಡ. ನಿಮ್ಮಮ್ಮ ಆತುರಗೆಟ್ಟೋಳು, ತುರುಬು ಕಟ್ಟೋಕೆ ಮುಂಚೆನೇ ಮುಖಕ್ಕೆ ಬಿಳಿ ಬಳಿದು ಕೂರಿಸಿದಾಳೆ. ಬಾಯಿ ಬಿಟ್ರೆ ಬಿರುಕು ಬಿಡತ್ತೆ. ನಾನು ಮಾತಾಡ್ತೀನಿ, ನೀನು ಕನ್ನಡೀಲಿ ಕಣ್ಣಾಡಿಸು, ಸಾಕು. ನನಗೆ ಮಾತಿಲ್ದೆ ಕೈ ಓಡಲ್ಲ.

ಯಾಕೆ ನಗ್ತೀಯ? ಓ… ಆ ಫೋಟೋ ನೋಡಿಯಾ! ನೋಡು, ನೋಡು, ನಾಚಿಕೆ ಯಾಕೆ, ನಿನ್ನ ಗಂಡನೇ ತಾನೆ. ದಿಂಬಿನ ಮೇಲೆ ಎಷ್ಟು ಗಂಭೀರವಾಗಿ ಕೂತಿದಾನೆ ನೋಡು ಮಸುಜಿ! ಚೌಕಟ್ಟಿನೊಳಗಿನ ಮದುಮಗ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು, ಮದುವೆ ದಿನ ಕುಡಿದು ತೂರಾಡಲ್ಲ, ಬೀಗರ ಹತ್ರ ಜಗಳ ತೆಗೆಯಲ್ಲ. ನನ್ನ ಗಂಡ ಮದುವೆ ದಿನ ಬಾವಿಕಟ್ಟೆ ತಬ್ಕೊಂಡು ಮಲಗಿದ್ದ!

ಹುಡುಗ ಪರವಾಗಿಲ್ಲ ಕಣೇ. ಕಿವಿ ಸ್ವಲ್ಪ ಅಗಲ… ಆಗಲಿ, ಅಲ್ಲಿ ಚಳಿಗೆ ಟೋಪಿ ಹಾಕ್ಕೋತಾನೆ. ಮೀಸೆ ಮೂಡೋಕೆ ಮುಂಚೆ ಮಂಚೂರಿಯಾಕ್ಕೆ ಕರ್ಕೊಂಡು ಹೋದ್ರಲ್ಲ ಇವರನ್ನೆಲ್ಲಾ, ಒಂದು ಕೈಗೆ ಗುದ್ದಲಿ ಕೊಟ್ಟು ಇನ್ನೊಂದು ಕೈಗೆ ಬಂದೂಕು ಕೊಟ್ಟು. ಈಗ ದೊಡ್ಡೋರಾದ್ರು. ಗುದ್ದಲಿ ಇದೆ, ಬಂದೂಕಿದೆ, ಗಂಜಿ ಕಾಯಿಸೋಕೆ ಹೆಂಡತಿ ಇಲ್ಲ. ಅದಕ್ಕೇ ಊರ ಯಜಮಾನರು ಮನೆ ಮನೆ ತಿರುಗಿದ್ದು. ನಮ್ಮೂರಿಂದ ಇಷ್ಟು ಮನೆ ಹೋಗಬೇಕು, ಇಷ್ಟು ಹುಡುಗೀರು ಹೋಗಬೇಕು ಅಂತ ಮೇಲಿನಿಂದ ಹುಕುಂ ಬಂದುಬಿಟ್ಟಿದೆ. ಅವರಿಗೂ ತಪ್ಪಿದ್ದಲ್ಲ, ನಮಗೂ ತಪ್ಪಿದ್ದಲ್ಲ.

ಎಣ್ಣೆ ಹೆಚ್ಚಾಯ್ತಾ? ತಣ್ಣಗಿದೆಯಾ? ಕಮೇಲಿಯಾ ಎಣ್ಣೆ ಕಣೇ, ಸೀಸೆ ತಳದಲ್ಲಿ ಉಳಿದಿದ್ದು. ಇನ್ನು ಮುಂದಿನ ಹುಡುಗಿಗೆ ಅಡಿಗೆ ಎಣ್ಣೆನೇ ಗತಿ.

ನನ್ನ ಹೆಸರು ತೋಮೆ ಅಂತ ಯಾಕಿಟ್ರು ಗೊತ್ತಾ ನಿಂಗೆ? ಗೊತ್ತಿರತ್ತೆ. ನಮ್ಮಪ್ಪನಿಗೆ ಆಗಲೇ ಏಳು ಮಕ್ಕಳು. ನಾನು ಹುಟ್ಟಿದಾಗ, 'ಸಾಕಪ್ಪಾ, ಇಲ್ಲಿಗೆ ನಿಲ್ಲಲಿ' ಅಂತ ತೋಮೆ, ಅಂದ್ರೆ ನಿಲ್ಲಿಸು, ಅಂತಲೇ ಹೆಸರಿಟ್ಟ. ನಿಂತಿತಾ? ನನ್ನ ಬೆನ್ನಿಗೆ ಇನ್ನೂ ಮೂರು! ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತಿದ್ಲು ನಮ್ಮಮ್ಮ. ಹುಲ್ಲು ಮೇಯಿಸಲಿಲ್ಲ ನಿಜ. ರಾಗಿ ಗಂಜಿ, ಮೂಲಂಗಿ ಸೊಪ್ಪು. ಹೊಲ ಎಷ್ಟಿತ್ತು ಅಂತೀಯ? ಬೆಟ್ಟದ ಇಳಿಜಾರಲ್ಲಿ ಚಾಪೆ ಹಾಸಿದಷ್ಟು. ಅದರಲ್ಲೂ ಅರ್ಧಕ್ಕೆ ಹಿಪ್ಪುನೇರಳೆ. ಹುಳಕ್ಕೆ ಸೊಪ್ಪು ಮೊದಲು, ಮಕ್ಕಳಿಗೆ ಆಮೇಲೆ.

ಅದಕ್ಕೇ ನನ್ನನ್ನ ಸುವಾ ಸರೋವರದ ದಂಡೆಯ ರೇಷ್ಮೆ ನೂಲಿನ ಗಿರಣಿಗೆ ಕಳಿಸಿದ್ರು. ನೋಡಿಲ್ಲಿ ಬೆರಳು, ಕುದಿಯೋ ನೀರಲ್ಲಿ ಗೂಡು ಬಿಡಿಸಿ ಬಿಡಿಸಿ ತುದಿ ಸತ್ತುಹೋಗಿದೆ. ಇವತ್ತಿಗೂ ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ. ಮೇಲ್ವಿಚಾರಕ ದಿನಾ ಬೆಳಿಗ್ಗೆ ಭಾಷಣ ಮಾಡ್ತಿದ್ದ. ನಿಮ್ಮ ನೂಲು ಅಮೆರಿಕಾಕ್ಕೆ ಹೋಗತ್ತೆ, ಆ ದುಡ್ಡಲ್ಲಿ ದೇಶ ಯುದ್ಧದ ಹಡಗು ಕಟ್ಟತ್ತೆ ಅಂತ. ನಮಗೆ ಎಷ್ಟು ಹೆಮ್ಮೆ! ನಿದ್ದೆ ಮಾಡ್ಕೊಂಡೇ ಚಪ್ಪಾಳೆ ಹೊಡೀತಿದ್ವಿ. ಹಡಗು ಕಟ್ಟಿದ್ರು. ಹಡಗಾದ ಮೇಲೆ ಸುಮ್ನೆ ನಿಲ್ಲಿಸೋಕಾಗತ್ತಾ, ಆಚೆ ದಡದ ನೆಲ ಬೇಕಾಯ್ತು. ನೆಲ ಕಾಯೋಕೆ ಹುಡುಗರು ಬೇಕಾದ್ರು. ಈಗ ಹುಡುಗರಿಗೆ ನೀವು ಬೇಕು. ನಾನು ಎಳೆದ ನೂಲು ಎಲ್ಲಿಗೆ ಬಂದು ನಿಂತಿದೆ ನೋಡು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ಲು ನಮ್ಮಜ್ಜಿ. ಈಗಿನೋರು ಮೊದಲು ಕಾಲು ಚಾಚ್ತಾರೆ, ಆಮೇಲೆ ಪಕ್ಕದ ಮನೆಯವನ ಹಾಸಿಗೆ ಎಳ್ಕೋತಾರೆ… ಶ್ಶ್! ನಾನು ಹೇಳಿದ್ದು ಅಂತ ಯಾರಿಗೂ ಅನ್ನಬೇಡ ಮಾರಾಯ್ತಿ.

ನಗು, ನಗು. ಆದ್ರೆ ತುಟಿ ಅಲ್ಲಾಡಿಸದೆ ನಗು.

ಅಲ್ಲಾ, ನನಗೊಂದು ಅರ್ಥವಾಗಲ್ಲ ಕಣೇ. ಜನ ಹೆಚ್ಚಾದ್ರು, ನೆಲ ಸಾಲದು, ಆಚೆ ಹೋಗಿ ಅಂತಾರೆ. ಅದೇ ಬಾಯಲ್ಲಿ ಜನ ಸಾಲದು, ಇನ್ನೂ ಹೆರಿ ಹೆರಿ ಅಂತಾರೆ! ಹತ್ತು ಹೆತ್ತೋಳಿಗೆ ಸರ್ಕಾರದ ಮಾನಪತ್ರ. ಮೇಲುಕೇರಿ ತೌಡಿನಂಗಡಿಯವಳು ತಗೊಂಡ್ಲಲ್ಲ, ಮಹಿಳಾ ಸಂಘದೋರೆಲ್ಲಾ ಬಿಳಿ ಮೇಲಂಗಿ ಹಾಕ್ಕೊಂಡು ಹೋಗಿ ಬಾವುಟ ಬೀಸಿ ಬಂದ್ವಲ್ಲ. ಮರುವರ್ಷ ಅವಳ ದೊಡ್ಡ ಮೂರು ಗಂಡುಮಕ್ಕಳಿಗೂ ಸೈನ್ಯಕ್ಕೆ ಕರೆಯೋ ಕೆಂಪು ಚೀಟಿ ಬಂತು. ಸಾಲ ಕೊಟ್ಟೋರು ವಸೂಲಿಗೆ ಬಂದ ಹಾಗೆ. ಆ ಮಾನಪತ್ರ ಈಗಲೂ ಗೋಡೆ ಮೇಲಿದೆ, ನೋಡಿದೀಯಲ್ಲ… ಅದರ ಕೆಳಗೇ ಮೂರು ಫೋಟೋ.

ಸರಿ ಬಿಡು. ಮದುವೆ ಮನೇಲಿ ಆಡೋ ಮಾತಲ್ಲ. ಕೆಂಪು ಕಾಳಿನ ಅನ್ನದ ವಾಸನೆ ಬರ್ತಿದೆ, ಅಲ್ವಾ? ಎಲ್ಲಿ ಬಚ್ಚಿಟ್ಟಿದ್ಲೋ ನಿಮ್ಮಮ್ಮ ಆ ಕಾಳು!

ಏನು? ಯಾಕೆ ಕನ್ನಡೀಲಿ ನನ್ನನ್ನೇ ನೋಡ್ತೀಯ? ಓ, ಮಿಸಾವೊ ವಿಷಯನಾ? ಚೆನ್ನಾಗಿದಾಳೆ. ಚೆನ್ನಾಗೇ ಇದಾಳೆ ನನ್ನ ಮಗಳು. ಅವಳಿಗೇನಾಗಿದೆ? ಅವಳು ಹೋಗಿದ್ದು ನೀನು ಹೋಗೋ ಪಾಳ್ಯಕ್ಕಲ್ಲ, ಇನ್ನೂ ಉತ್ತರಕ್ಕೆ, ನದಿ ಹತ್ರ. ಕಪ್ಪು ಮಣ್ಣಂತೆ, ಗೊಬ್ಬರವೇ ಬೇಡ್ವಂತೆ. ನೇಗಿಲ ಸಾಲು ಶುರು ಮಾಡಿದ್ರೆ ಕೊನೆ ಕಣ್ಣಿಗೆ ಕಾಣಲ್ವಂತೆ. ಕಾಡುಕೋಳಿ ಬಾಗಿಲಿಗೇ ಬರತ್ತಂತೆ. ನಿಜ ಕಣೇ, ನಾನ್ಯಾಕೆ ಸುಳ್ಳು ಹೇಳಲಿ!

ಮನೆ ಕೂಡ ಕಟ್ಟಬೇಕಾಗಿಲ್ಲ. ತಯಾರಾಗಿರತ್ತೆ. ಅವಳು ಹೋದ ದಿನ ಒಲೆ ಇನ್ನೂ ಬಿಸಿ ಇತ್ತಂತೆ! ಜೋಳ ಕುಯ್ಲಿಗೆ ನಿಂತಿತ್ತಂತೆ. ಯಾರೋ ಉತ್ತು ಬಿತ್ತಿ…

ಹಾಂ? ಯಾರು ಅಂದ್ರೆ… ಯಾರೋ. ಅಲ್ಲಿಯೋರು. ದುಡ್ಡು ಕೊಟ್ಟು ಬಿಡಿಸಿಕೊಂಡ್ರಂತೆ ಸರ್ಕಾರದೋರು. ಎಷ್ಟು ಕೊಟ್ರೋ, ಹ್ಯಾಗೆ ಬಿಡಿಸಿದ್ರೋ, ನಂಗೇನು ಗೊತ್ತು. ನೀನು ಹೋಗಿ ಅದನ್ನೆಲ್ಲಾ ಕೇಳಬೇಡ. ಒಲೆ ಬಿಸಿ ಇದ್ರೆ ಅನ್ನ ಇಡು. ಅಷ್ಟೇ.

ಮಗು? ಆಗಿರತ್ತೆ ಈಗ. ಇನ್ನೇನು… ಆಗಿರಬೇಕು. ಹೆರಿಗೆಗೆ ಬಾ ಅಂದಿದ್ಲು, ಅಷ್ಟು ದೂರ ನಾನೆಲ್ಲಿ ಹೋಗಲಿ. ಹಡಗು ಬೇರೆ. ನಾನು ನೂಲು ಎಳೆದು ಕಟ್ಟಿಸಿದ ಹಡಗಲ್ಲಿ ನನಗೇ ಜಾಗ ಇಲ್ಲ, ಹಹ್ಹ!

ಕತ್ತು ಬಗ್ಗಿಸು. ಇನ್ನೂ. ಹಿಂದೆ ಇಲ್ಲಿ ಒಂದು ಗುಂಜು ಕೂದಲು ಉದ್ದ ಹೆಚ್ಚಾಗಿದೆ, ತುರುಬಲ್ಲಿ ಕೂರ್ತಿಲ್ಲ. ಕಣ್ಣು ಮುಚ್ಕೋ. ಒಂದು ಚೂರು ತೆಗೀತೀನಿ. ಮುಚ್ಚಿದೀಯಾ?… ಆಯ್ತು. ಆಯ್ತು ನೋಡು, ಗೊತ್ತೂ ಆಗಲಿಲ್ಲ.

ಏಯ್, ತಿರುಗಬೇಡ! ಕೈ ಬಿಡು. ಕಿನುಯೆ, ಕೈ ಬಿಡೇ, ನೋಯತ್ತೆ… ಇದಾ? ಇದು ಕಾಗದ ಕಣೇ. ಬಿಳಿ ಕಾಗದ. ಕೂದಲು ಕೆಳಗೆ ಬಿದ್ರೆ ಗಾಳಿಗೆ ಹಾರಿ ಅನ್ನಕ್ಕೆ ಬೀಳತ್ತೆ, ಅದಕ್ಕೆ ಮಡಚಿದೆ. ಕಸ. ಹೋಗ್ತಾ ಒಲೆಗೆ ಹಾಕ್ತೀನಿ.

ಯಾಕೆ ಹಾಗೆ ನೋಡ್ತೀಯ?

ಸೊಂಟದ ಪಟ್ಟಿಯೊಳಗೆ… ಹೌದು, ಇಟ್ಕೊಂಡೆ. ಕಸಾನ ಯಾರಾದ್ರೂ ಸೊಂಟಕ್ಕೆ ಸಿಗಿಸ್ಕೋತಾರಾ ಅಂತೀಯ? ಮರೆತು ಇಟ್ಕೊಂಡೆ. ವಯಸ್ಸಾಯ್ತಲ್ಲ.

ಏನಾದ್ರೂ ಅನ್ನೇ. ಬಿಳಿ ಬಿರುಕು ಬಿಟ್ರೆ ಬಿಡಲಿ, ಮತ್ತೆ ಬಳಿಯೋಣ. ಬೈಯಿ ಬೇಕಾದ್ರೆ. ಹೀಗೆ ಕಣ್ಣು ಬಿಟ್ಕೊಂಡು ಸುಮ್ನೆ ಕೂರಬೇಡ ನನ್ನ ತಾಯಿ.

ಗೊತ್ತಾಯ್ತು. ನಿಂಗೆ ಗೊತ್ತಾಗೋಯ್ತು. ಗೊತ್ತಾಗದೆ ಇರತ್ತಾ… ನಿಮ್ಮಣ್ಣ ತೊರಾವೊ ಸೈನ್ಯಕ್ಕೆ ಹೊರಟ ದಿನ ಇದೇ ಕೋಣೇಲಿ ನಾನೇ ತಾನೆ ಕತ್ತರಿ ಹಿಡಿದಿದ್ದು. ನೀನೇ ಕಾಗದ ಹಿಡ್ಕೊಂಡು ನಿಂತಿದ್ದೆ. ಹೀಗೇ ಮಡಚಿದ್ದೆ. ಚೀನಾದಿಂದ ಅವನ ಅಸ್ಥಿ ಪೆಟ್ಟಿಗೆ ಬಂತು, ಅಲ್ಲಾಡಿಸಿದ್ರೆ ಒಳಗೆ ಬರೀ ಕಲ್ಲು ಗಲಗಲ ಅಂತು. ನಿಮ್ಮಮ್ಮ ಆ ಕೂದಲು ತಂದು ಮಣ್ಣಿಗೆ ಇಟ್ಲು. ಇಡೋಕೆ ಅದಾದ್ರೂ ಇತ್ತು ಅವಳಿಗೆ. ಅವಳು ಅತ್ತಿದ್ದು ಅದರ ಮುಂದೆ.

ನನ್ನ ಹತ್ರ ಇರಲಿಲ್ಲ ಕಣೇ.

ಮದುಮಗಳ ಕೂದಲು ಯಾರಾದ್ರೂ ತೆಗೆದಿಡ್ತಾರಾ ಹೇಳು! ಸಿಪಾಯಿದು ತೆಗೀತೀವಿ. ಯುದ್ಧಕ್ಕೆ ಹೋಗೋನದು ತೆಗೀತೀವಿ. ನನ್ನ ಮಿಸಾವೊ ಗಂಡನ ಮನೆಗೆ ಹೋಗ್ತಿದ್ಲು… ಗಂಡನ ಮನೆಗೆ ಅಂದ್ಕೊಂಡೆ. ಕೆಂಪು ಅನ್ನ ಮಾಡ್ದೆ. ನನ್ನ ಕೈಯಾರೆ ತುರುಬು ಕಟ್ಟಿದೆ. ಇದೇ ಕತ್ತರಿ ಪಕ್ಕದಲ್ಲೇ ಇತ್ತು. ಹೊಳೀಲಿಲ್ಲ ನಂಗೆ.

ಆ ಒಲೆ ಕಟ್ಟಿದೋರು ಒಂದು ದಿನ ತಿರುಗಿ ಬಂದ್ರಂತೆ. ಅವರ ಮನೆ, ಅವರ ಜೋಳ, ಬರದೆ ಇರ್ತಾರಾ? ನಮ್ಮೋರ ಗಂಡಸರನ್ನೆಲ್ಲಾ ರೈಲು ದಾರಿ ಕಾಯೋಕೆ ಕರ್ಕೊಂಡು ಹೋಗಿದ್ರಂತೆ. ಚಾವಣಿ ಹುಲ್ಲಿಂದು, ಒಂದು ಕೊಳ್ಳಿ ಸಾಕಾಯ್ತು. ಅಲ್ಲಿಂದ ಬಂದ ಒಬ್ಬಾತ ನಮ್ಮ ಬಾಗಿಲಲ್ಲಿ ನಿಂತು ಟೋಪಿ ತೆಗೆದ. ಒಳಗೆ ಬಾ ಅಂದೆ, ಬರಲಿಲ್ಲ. ಅವಳದು ಏನಾದ್ರೂ ತಂದ್ಯೇನಪ್ಪಾ ಅಂತ ಕೇಳ್ದೆ. ಅವನು ಬರಿಗೈ ತೋರಿಸಿದ. ಹೊಟ್ಟೇಲಿದ್ದ ಮಗು… ಅದರ ಬಗ್ಗೆ ನಾನು ಕೇಳಲೇ ಇಲ್ಲ.

ಯಜಮಾನರು ಬಂದ್ರು. ತೋಮೆ, ಈಗ ಅಳಬೇಡ, ಅಳೋದಿದ್ರೆ ಯುದ್ಧ ಮುಗಿದ ಮೇಲೆ ಅಳು ಅಂದ್ರು. ನೀನು ಅತ್ರೆ ಒಬ್ಬ ಹುಡುಗೀನೂ ಹೊರಡಲ್ಲ ಅಂದ್ರು. ಬರೋ ವರ್ಷ ನಿನ್ನ ಕಿರಿ ಮಗ ಸೈನ್ಯದ ತಪಾಸಣೆಗೆ ನಿಲ್ತಾನಲ್ಲ ಅಂತಾನೂ ಅಂದ್ರು, ಸುಮ್ನೆ, ಹವಾ ಹ್ಯಾಗಿದೆ ಅಂದ ಹಾಗೆ. ಬಾಯಿ ಬಿಟ್ಟೋಳ ಮಗನಿಗೆ ಅಲ್ಲಿ ಏನು ಮಾಡ್ತಾರೆ ಅಂತ ನಂಗೆ ಗೊತ್ತಿಲ್ವಾ! ನುಂಗಿದೆ. ಅವತ್ತಿಂದ ಕಪ್ಪು ಮಣ್ಣು, ಕಾಡುಕೋಳಿ ಅಂತ ಹೇಳ್ಕೊಂಡು ತಿರುಗ್ತಿದೀನಿ. ಹೋದ ಹುಡುಗೀರದೆಲ್ಲಾ ಹೀಗೇ ಒಂದೊಂದು ಗುಂಜು ತೆಗೆದಿಟ್ಟಿದೀನಿ. ಯಾರಿಗೂ ಹೇಳಿಲ್ಲ. ಯಾರೂ ಕಣ್ಣು ತೆರೆದಿರಲಿಲ್ಲ, ನೀನೊಬ್ಬಳೇ.

ಹೋಗಬೇಡ ಕಿನುಯೆ.

ಹೊಟ್ಟೆನೋವು ಅನ್ನು. ಮೈಮೇಲೆ ದೇವರು ಬಂತು ಅನ್ನು! ನಾನು ಈ ತುರುಬು ಕಿತ್ತಾಕ್ತೀನಿ, ಅಪಶಕುನ ಆಯ್ತು ಅಂತ ಕೂಗ್ತೀನಿ. ಈ ಕತ್ತರಿಲಿ ಪೂರಾ ಕತ್ತರಿಸಿಬಿಡ್ಲಾ? ಬೋಳು ತಲೆ ಹುಡುಗೀನ ಯಾರು ಫೋಟೋ ಪಕ್ಕ ಕೂರಿಸ್ತಾರೆ?

ಯಾಕೆ ತಲೆ ಆಡಿಸ್ತೀಯ?

ಯಾರ ಕಡೆ ನೋಡ್ತೀಯ… ಅಂಗಳದಲ್ಲಾ? ನಿನ್ನ ತಂಗಿ. ಹೌದು. ನಿಮ್ಮ ಮನೆಯಿಂದ ಒಬ್ಬಳು ಅಂತ ಬರೆದುಬಿಟ್ಟಿದಾರೆ. ನೀನಿಲ್ಲ ಅಂದ್ರೆ ಅವಳು. ಇನ್ನೂ ಜಡೆ ಹಾಕ್ಕೊಂಡು ಕುಂಟಾಬಿಲ್ಲೆ ಆಡ್ತಿದಾಳೆ… ಅವರಿಗೇನು, ಬರೋ ವರ್ಷಕ್ಕೆ ಆಗತ್ತೆ ಅಂತಾರೆ. ನಂಗೆ ಅದು ಹೊಳೀಲಿಲ್ಲ ನೋಡು. ನಿಂಗೆ ಮೊದಲೇ ಹೊಳೆದಿದೆ.

ಅಳಬೇಡ. ಓ, ನೀನೆಲ್ಲಿ ಅಳ್ತಿದೀಯ, ನಾನು.

ತಿರುಗು ಈ ಕಡೆ. ತುರುಬು ಮುಗಿಸೋಣ. ಯಾಕೆ, ಕೈ ಯಾಕೆ ಚಾಚಿದೆ? ಕತ್ತರಿ ಬೇಕಾ? ಏನು ಬೇಕೇ… ಬೆರಳು ಯಾಕೆ ಬಿಡಿಸ್ತಿದೀಯ?

ಉಗುರಾ?

ಅಯ್ಯೋ ನನ್ನಪ್ಪಾ… ಉಗುರೂ ತಗೋ ಅಂತೀಯಾ? ತೊರಾವೊದು ಎರಡೂ ಇಟ್ಟಿದ್ವಿ, ಹೌದು… ಬೇಡ ಕಣೇ. ಬೇಡ. ನನ್ನ ಕೈಲಾಗಲ್ಲ.

…ಸರಿ. ಸರಿ, ಕೊಡು. ಹೆಬ್ಬೆರಳು ಮೊದಲು. ಎಷ್ಟು ತಣ್ಣಗಿದೆ ಕೈ. ಗಟ್ಟಿಯಾಗಿ ಹಿಡ್ಕೋ ನನ್ನನ್ನ…

ಆಂ? ಬಂದೆ, ಬಂದೆ ತಾಯಿ! ಬಾಗಿಲು ತೆಗೀಬೇಡ, ಈಗಲೇ ನೋಡಬಾರದು! ತುರುಬು ಆಯ್ತು… ಕೈ ಒಂದು ಉಳಿದಿದೆ. ನಿನ್ನ ಮಗಳ ಕೈ ಚಂದ ಮಾಡ್ತಿದೀನಿ.