ಕಳಿಸಿದ ಮೇಲೆ ಫೋಟೋದಲ್ಲಿ ನಿಂತವಳು

ಇನ್ನೊಂಚೂರು ಹತ್ತಿರ ಬನ್ನಿ. ಮಕ್ಕಳು ಮಲಗವ್ರೆ, ಮೆಲ್ಲಗೆ ಹೇಳ್ತೀನಿ. ಇದು ಯಾರೋ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದಲ್ಲ. ನನ್ನ ಸೋದರತ್ತೆ ಚಾಮುಂಡಮ್ಮನ ಮಗ ಚೆಲುವರಾಜುಗೆ ಆಗಿದ್ದು. ಎರಡು ಸಾವಿರದ ಏಳನೇ ಇಸವಿ, ಶಿವರಾತ್ರಿಗೆ ಮುಂಚೆ.

ಅವತ್ತು ರಾತ್ರಿ ಚೆಲುವರಾಜು ಬೆಟ್ಟದಪುರದಲ್ಲಿದ್ದ ತನ್ನ ಫೋಟೋ ಸ್ಟುಡಿಯೋಗೆ ಬೀಗ ಹಾಕಿ ಒಬ್ಬನೇ ಊರಿಗೆ ನಡೆದು ಬರ್ತಿದ್ದ. ದಾರೀಲಿ ಒಂದು ಆಲದ ಮರ. ಅದರ ಬುಡದಲ್ಲಿ ಕಲ್ಲುಕಟ್ಟಿನ ಬಾವಿ. ಬಾವಿಯಿಂದಾಚೆ ಒಂದು ಹಾಳು ಬ್ಯಾರನ್ನು, ಹೊಗೆಸೊಪ್ಪು ಬೇಯಿಸೋಕೆ ಕಟ್ಟಿದ ಎತ್ತರದ ಗೂಡು. ಅದಕ್ಕೆ ಬೆಂಕಿ ಬಿದ್ದು ವರ್ಷಗಳೇ ಆಗಿದ್ವು. ಬಾಗಿಲಿಗೆ ತುಕ್ಕು ಹಿಡಿದ ಬೀಗ, ಸುತ್ತ ಲಂಟಾನದ ಪೊದೆ.

ಆ ಬಾವೀನ ಅವತ್ತು ಮಧ್ಯಾಹ್ನವಷ್ಟೇ ಡೀಸೆಲ್ ಪಂಪಿಟ್ಟು ಬರಿದು ಮಾಡಿದ್ರು. ಕೆಸರಲ್ಲಿ ಒಂದು ಕೊಡ ಸಿಕ್ತು, ಹಳೇ ಚಪ್ಪಲಿ ಸಿಕ್ತು. ಚಿನ್ನು ಸಿಗಲಿಲ್ಲ.

ಚಿನ್ನು ಅಂದರೆ ಚೆಲುವರಾಜು ಮಗಳು. ಆರು ವರ್ಷ. ಹಿಂದಿನ ದಿನ ಸಾಯಂಕಾಲ ಮನೆ ಮುಂದೆ ಆಡ್ತಾ ಇದ್ದೋಳು ಇದ್ದಕ್ಕಿದ್ದಂಗೆ ಇಲ್ಲ. ಹೊಲ, ಗದ್ದೆ, ಬೆಟ್ಟದ ತಪ್ಪಲು... ಊರೆಲ್ಲ ಟಾರ್ಚು ಹಿಡಿದು ಕೂಗಿತ್ತು. ಅವಳ ತಾಯಿ ಸುಧಾ ನೆಲದ ಮೇಲೆ ಬಿದ್ದವಳು ಎದ್ದಿರಲಿಲ್ಲ. ಚೆಲುವರಾಜು ಸ್ಟುಡಿಯೋಗೆ ಹೋಗಿದ್ದೂ ಪೊಲೀಸರಿಗೆ ಕೊಡೋಕೆ ಅವಳ ಫೋಟೋ ತರೋಕೇ.

ಚೆಲುವರಾಜು ಬಾವಿ ದಾಟಿದ. ಆಗ ಕೇಳಿಸ್ತು.

ಸರ್ರ್... ಟಪ್.

ನಿಂತ. ಮತ್ತೆ... ಸರ್ರ್... ಟಪ್.

ಹೊಗೆಸೊಪ್ಪಿನ ಸೀಮೇಲಿ ಹುಟ್ಟಿದೋರಿಗೆ ಆ ಸದ್ದು ಗೊತ್ತು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವಾಗ ದಾರ ಎಳೆದ ಸದ್ದು, ಸೊಪ್ಪನ್ನು ಒತ್ತಿದ ಸದ್ದು. ಆದರೆ ಆ ವರ್ಷದ ಸೊಪ್ಪಿನ ಕೆಲಸ ಮುಗಿದು ಎಷ್ಟೋ ದಿನವಾಗಿತ್ತು. ಯಾರ ಹೊಲದಲ್ಲೂ ಒಂದು ಎಲೆ ಇರಲಿಲ್ಲ.

"ಯಾರದು?" ಅಂದ.

ಸದ್ದು ನಿಂತಿತು. ಅವನು ಓಡಿದ.

ಮಾರನೇ ದಿನ ಯಾರೋ ಅಂದ್ರು, "ಮಗೀನ ಕಾಡುದಾರೀಲಿ ಗಡಿ ಆಚೆ ಕೇರಳಕ್ಕೆ ದಾಟ್ಸಿರ್ತಾರೆ ಕಣ್ಲಾ." ಆ ಮಾತು ಚೆಲುವರಾಜು ಎದೇಲಿ ಮುಳ್ಳಿನ ಥರ ಕೂತ್ಕೊಳ್ತು. ಅವನ ಹತ್ತಿರ ಮೊದಲು ಕೆಲಸ ಕಲಿತಿದ್ದ ವಸಂತ್ ಅನ್ನೋನು ಈಗ ಕೇರಳದ ಮಾನಂದವಾಡೀಲಿ ಸ್ಟುಡಿಯೋ ಇಟ್ಟಿದ್ದ. ಚೆಲುವರಾಜು ಅವನಿಗೆ ಫೋನ್ ಮಾಡಿದ.

"ಅಣ್ಣ, ಮಗೀನ ಫೋಟೋ ಎಲ್ಲಾ ಇಂಟರ್‌ನೆಟ್ಟಲ್ಲಿ ಫೋಟೋ ಇಡೋ ವೆಬ್‌ಸೈಟಿಗೆ ಹಾಕಿ," ಅಂದ ವಸಂತ್. "ನಾನಿಲ್ಲಿ ತೆಗೆದು ಪ್ರಿಂಟ್ ಹಾಕಿ ಬಸ್‌ಸ್ಟ್ಯಾಂಡು, ಚೆಕ್‌ಪೋಸ್ಟು ಎಲ್ಲಾ ಕಡೆ ಅಂಟಿಸ್ತೀನಿ. ಬೇರೆ ಊರಿನೋರೂ ನೋಡ್ತಾರೆ."

ಆಗ ನಮ್ಮ ಕಡೆ ಟೆಲಿಫೋನ್ ತಂತೀಲಿ ಬರೋ ಇಂಟರ್‌ನೆಟ್ಟು. ಕೀಂ... ಗರ್ರ್ರ್... ಶ್ಶ್ಶ್... ಅಂತ ಕೂಗಿಕೊಂಡು ಹತ್ತೋದು, ಸುಮ್ಮನೆ ಕಿತ್ತುಹೋಗೋದು. ವೆಬ್‌ಸೈಟಲ್ಲಿ ಒಂದೊಂದೇ ಫೋಟೋ ಹಾಕೋಕೆ ಹೋದರೆ ಮುಕ್ಕಾಲು ಹೋಗಿ ಲೈನು ಕಟ್. ಮತ್ತೆ ಮೊದಲಿಂದ. ಹಗಲೆಲ್ಲಾ ಕೂತು ಒಂದೇ ಒಂದು ಫೋಟೋನೂ ದಾಟಲಿಲ್ಲ. ಅವನು ಕಂಪ್ಯೂಟರನ್ನು ಕೈಯಲ್ಲಿ ಗುದ್ದಿದ, ಅತ್ತ. ಕೊನೆಗೆ ವಸಂತ್ ಹೇಳಿಕೊಟ್ಟ, ಅದಕ್ಕೇ ಅಂತ ಒಂದು ಪ್ರೋಗ್ರಾಮ್ ಇದೆ, ಫೋಟೋ ಎಲ್ಲಾ ಒಟ್ಟಿಗೆ ಅದಕ್ಕೆ ಕೊಟ್ಟುಬಿಟ್ಟರೆ ಲೈನು ಹೋದರೂ ಬಂದರೂ ತಾನೇ ಬಿಡದೆ ಕಳಿಸ್ತಾ ಇರ್ತದೆ ಅಂತ. ಚೆಲುವರಾಜು ಅದನ್ನು ಹಾಕಿಕೊಂಡ. ಚಿನ್ನು ಹುಟ್ಟುಹಬ್ಬದ ಫೋಟೋ, ಸ್ಕೂಲ್ ಯೂನಿಫಾರ್ಮಿಂದು, ಸ್ಟುಡಿಯೋ ಪರದೆ ಮುಂದೆ ನಗ್ತಾ ನಿಂತಿದ್ದು... ಎಲ್ಲಾ ಕೊಟ್ಟ. ರಾತ್ರಿ ಆದಮೇಲೆ ಲೈನು ಸ್ವಲ್ಪ ನಿಂತ್ಕೊಳ್ತು. ಹಸಿರು ಪಟ್ಟಿ ಬಸವನಹುಳದ ಹಂಗೆ ತೆವಳ್ತಾ ತೆವಳ್ತಾ ಹೋಗಿ ತುಂಬಿತು.

ಮಗ ಒಬ್ಬನೇ ಇರ್ತಾನೆ ಅಂತ ಚಾಮುಂಡಮ್ಮತ್ತೆ ಮುದ್ದೆ ಕಟ್ಟಿಕೊಂಡು ಸ್ಟುಡಿಯೋಗೆ ಬಂದಿದ್ದಳು. ಅವನು ಮುಟ್ಟಲಿಲ್ಲ.

ಫೋನು ಬಡಿದುಕೊಂಡಿತು. ವಸಂತ್.

"ಅಣ್ಣ, ಬಂತು. ಎಲ್ಲಾ ಬಂತು. ಆದರೆ..."

"ಏನ್ಲಾ?"

"ಮಗೀನ ಜೊತೆ ನಿಂತವ್ಳಲ್ಲ, ಆ ಯಮ್ಮ ಯಾರು? ಅವಳೂ ಕಾಣೆಯಾಗವ್ಳಾ?"

"ಯಾವ ಯಮ್ಮ?"

ಆ ಕಡೆ ಮೌಸ್ ಒತ್ತೋ ಸದ್ದು ಕೇಳಿಸ್ತು. "ಎಲ್ಲಾ ಫೋಟೋದಲ್ಲೂ ನಿಂತವ್ಳಲ್ಲಣ್ಣ..."

ಚೆಲುವರಾಜು ತನ್ನ ಕಂಪ್ಯೂಟರಲ್ಲಿದ್ದ ಫೋಟೋ ತೆಗೆದು ನೋಡಿದ. ಚಿನ್ನು ಒಬ್ಬಳೇ. ಇನ್ನೊಂದು ತೆಗೆದ. ಒಬ್ಬಳೇ.

ಆಮೇಲೆ ವೆಬ್‌ಸೈಟಿಗೆ ಹೋದ. ಆಗೆಲ್ಲ ಫೋಟೋ ಒಂದೇ ಸಲ ಬರ್ತಿರಲಿಲ್ಲ, ಮೇಲಿಂದ ಒಂದೊಂದೇ ಗೆರೆಯಾಗಿ ಇಳಿಯೋದು. ಮೊದಲು ಪರದೆಯ ನೀಲಿ ಆಕಾಶ ಇಳೀತು. ಆಮೇಲೆ... ನರೆತ ಕೂದಲಿನ ಒಂದು ತಲೆ. ಚಿನ್ನು ಎತ್ತರಕ್ಕಿಂತ ಬಹಳ ಮೇಲೆ. ಹಣೆ. ಬೊಟ್ಟಿಲ್ಲ. ಕಣ್ಣು. ಅವು ಕ್ಯಾಮೆರಾನೇ ನೋಡ್ತಿದ್ವು. ಗೆರೆಗೆರೆಯಾಗಿ ಒಂದು ಕೈ ಇಳಿದು ಬಂದು ಚಿನ್ನು ಹೆಗಲ ಮೇಲೆ ನಿಂತಿತು. ಮಣಿಕಟ್ಟಿನವರೆಗೂ ಕಪ್ಪಾದ ಕೈ.

ಚೆಲುವರಾಜು ಕುರ್ಚಿ ಹತ್ತಿರ ಎಳ್ಕೊಂಡ. ಪ್ರೋಗ್ರಾಮಿಗೆ ಅವೇ ಫೋಟೋನ ಮತ್ತೆ ಕೊಟ್ಟ. ಹೆದರಿಕೆಯಾಗಲಿಲ್ವಾ ಅಂತ ನಾನು ಆಮೇಲೆ ಕೇಳಿದ್ದೆ. "ಆಯ್ತು ಕಣಕ್ಕ. ಆದ್ರೆ ನನ್ ಮಗೀನ ಜೊತೆ ಯಾರೋ ಅವ್ರೆ ಅಂತ ಗೊತ್ತಾಯ್ತಲ್ಲ. ಅದ್ ದೆವ್ವನಾದ್ರೂ ಸರಿ, ಮುಖ ಸರಿಯಾಗಿ ಕಾಣ್ಲಿ ಅಂದ್ಕೊಂಡೆ," ಅಂದ.

ಪಟ್ಟಿ ತೆವಳಿತು. ಲೈನು ಕಿತ್ತುಹೋಯ್ತು. ಕೀಂ... ಗರ್ರ್ರ್... ಮತ್ತೆ ಹತ್ತಿತು. ಈ ಸಲ ಬಂದ ಫೋಟೋದಲ್ಲಿ ಅವಳು ಬಗ್ಗಿದ್ದಳು. ಚಿನ್ನು ಕಿವಿ ಹತ್ತಿರ ಬಾಯಿಟ್ಟು ಏನೋ ಹೇಳ್ತಿದ್ದಳು. ಮುಖ ನಿಚ್ಚಳವಾಗಿ ಕಾಣ್ತಿತ್ತು.

"ಅವ್ವ... ಇಲ್ ಬಾ," ಅಂದ ಪಿಸುಮಾತಲ್ಲಿ.

ಚಾಮುಂಡಮ್ಮತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ನೋಡಿದವಳೇ ಅಲ್ಲೇ ಕುಸಿದು ಕೂತಳು.

"ಅಯ್ಯೋ... ಪುಟ್ಟಮಲ್ಲಮ್ಮ ಕಣೋ ಇವ್ಳು."

"ಯಾವ ಪುಟ್ಟಮಲ್ಲಮ್ಮ?"

"ನಾನೂ ಅವ್ಳೂ ಜೊತೇಲಿ ಸೊಪ್ಪು ಕಟ್ತಿದ್ವಿ. ಆ ಕೈ ನೋಡು, ಸೊಪ್ಪಿನ ಅಂಟು ಹಿಡ್ದದೆ. ನೀನಿನ್ನೂ ಹುಟ್ಟಿರ್ನಿಲ್ಲ. ಬ್ಯಾರನ್ನಿಗೆ ಬೆಂಕಿ ಬಿದ್ದಾಗ ಒಳಗೇ..."

"ಯಾವ ಬ್ಯಾರನ್ನವ್ವ?"

ಅತ್ತೆ ಎದ್ದು ಬಾಗಿಲ ಹತ್ತಿರ ಬಂದಳು. ಆಲದ ಮರದ ದಿಕ್ಕಿಗೆ ಕೈ ತೋರಿಸಿದಳು.

ಅವನು ಸ್ಟುಡಿಯೋ ಬಾಗಿಲೂ ಹಾಕದೆ ಓಡಿದ. ದಾರೀಲಿ ನಮ್ಮನೆ ಬಾಗಿಲು ಬಡಿದ. ನಾನು, ನಮ್ಮ ಯಜಮಾನರು ಬೆಟ್ಟಸ್ವಾಮಿ, ಇಬ್ಬರೂ ಹಾರೆ, ಟಾರ್ಚು ಹಿಡ್ಕೊಂಡು ಹಿಂದೆ ಓಡಿದ್ವಿ. ಮೊದಲ ದಿನವೇ ಆ ಬ್ಯಾರನ್ನಿನ ಮುಂದೆ ನಿಂತು ನಾವೆಲ್ಲ ಕೂಗಿದ್ವಿ, ಬೀಗ ಇದೆಯಲ್ಲ ಅಂತ ವಾಪಸ್ ಬಂದಿದ್ವಿ.

ನಮ್ಮ ಯಜಮಾನರು ಹಾರೇಲಿ ಬೀಗ ಮೀಟಿದ್ರು. ಬಾಗಿಲು ಗೊರ್ರ್ ಅಂತು, ಆಮೇಲೆ ಪೂರ್ತಿ ಕಳಚಿ ಬಿತ್ತು. ಒಳಗೆ ಕಗ್ಗತ್ತಲು, ಮಸಿ ವಾಸನೆ. ಚೆಲುವರಾಜು ಬಾಗಿಲಲ್ಲೇ ನಿಂತ.

"ಚಿನ್ನು..." ಅಂದ. "ಚಿನ್ನು..."

ಆಮೇಲೆ ಮೂಲೆಯಿಂದ ಸಣ್ಣಗೆ, "ಅಪ್ಪ, ಮೆಲ್ಲಗೆ. ಅಜ್ಜಿ ಈಗಷ್ಟೇ ಮಲಗವ್ಳೆ."

ನಾನು ಆ ಕಡೆ ಟಾರ್ಚಿನ ಬೆಳಕು ಬಿಟ್ಟೆ. ಮಗು ಗೋಡೆಗೊರಗಿ ಕೂತಿತ್ತು. ಅದರ ಪಕ್ಕ ಯಾರೂ ಇಲ್ಲ. ಚೆಲುವರಾಜು ಅದನ್ನು ಎದೆಗವಚಿಕೊಂಡು ಗೋಳೋ ಅಂತ ಅತ್ತಿದ್ದು ಈಗಲೂ ನನ್ನ ಕಿವೀಲಿದೆ. ಬೆಳಗಾದ ಮೇಲೆ ನೋಡಿದರೆ, ಹಿಂದಿನ ಗೋಡೇಲಿ ಸೌದೆ ತುಂಬೋ ಒಲೆಬಾಯಿ ಲಂಟಾನದ ಒಳಗೆ ತೆರೆದೇ ಇತ್ತು. ಬೆಕ್ಕಿನ ಮರಿ ಹಿಂದೆ ಅದರಲ್ಲಿ ನುಸುಳಿದ್ದಂತೆ. ಒಳಗಡೆ ಒಂದಾಳೆತ್ತರ, ವಾಪಸ್ ಹತ್ತೋಕಾಗಿಲ್ಲ. ನಾವು ಕೂಗಿದಾಗ ಯಾಕಮ್ಮ ಓಗೊಡಲಿಲ್ಲ ಅಂದರೆ, "ನೀವು ಕೂಗೇ ಇಲ್ವಲ್ಲ," ಅಂತು.

ವೆಬ್‌ಸೈಟಲ್ಲಿ ಆ ಫೋಟೋಗಳು ಈಗ ಇಲ್ಲ. ಚೆಲುವರಾಜೇ ಒಂದೊಂದಾಗಿ ತೆಗೆದುಹಾಕಿದ. ಮಾನಂದವಾಡೀಲಿ ವಸಂತ್ ಹಾಕಿದ ಪ್ರಿಂಟುಗಳನ್ನೂ ಸುಟ್ಟುಬಿಡು ಅಂದ. ನಂಬದೋರು ನಂಬಬೇಡಿ, ನನಗೇನೂ ಆಗಬೇಕಿಲ್ಲ. ಬೆಕ್ಕಂತೆ, ಒಲೆಬಾಯಂತೆ, ಮಗು ಹೆದರಿ ಏನೋ ಬಡಬಡಿಸಿತಂತೆ, ಎಲ್ಲಾ ಸರಿ ಅನ್ನಿ.

ಆದರೆ ಮಗೂಗೆ ನೀರು ಹಾಕಿದ್ದು ನಾನು. ಮೈಯೆಲ್ಲಾ ಮಸಿ. ತಲೆ ಮಾತ್ರ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಬಿಗಿಯಾಗಿ ಎರಡು ಜಡೆ ಹಾಕಿತ್ತು. ಜಡೆ ತುಂಬ ಕನಕಾಂಬರ, ಸುಧಾ ಮುಡಿಸಿದ್ದಲ್ಲ. ಈ ಕೈಯಾರೆ ಬಿಚ್ಚಿದೆ ಕಣ್ರೀ... ಒಂದು ಹೂವೂ ಬಾಡಿರಲಿಲ್ಲ.