ಶಟರ್ ಒಳಗಿನ ಸಿಗಡಿ

ಹುಮನಾಬಾದ್ ಬಸ್ ನಿಲ್ದಾಣದ ಮುಂಜಾನೆ ಚಳಿಯಲ್ಲಿ ಘಾಟಬೋರಾಳದ ಬಸ್ಸಿಗೆ ಕಾಯುತ್ತಿದ್ದ ಜಗದೇವಿಗೆ ಪಕ್ಕದ ಗಂಡಹೆಂಡಿರ ಮಾತು ಕೇಳಿಸಿತು. ಹೆಂಡತಿ ಗಂಡನ ಅಂಗಿ ಹಿಡಿದುಕೊಂಡಿದ್ದಳು.

"ಇವತ್ತ ಕೆಲಸಕ್ಕ ಹೋಗಬ್ಯಾಡ್ರಿ."

"ಕಾಳಿನ ರಾಶಿ ಮಾಡೂ ಮಷಿನ್ನಿನ ಹಳೇ ಬಣ್ಣ ಕೀಳೂದು ಇನ್ನ ಅರ್ಧಾ ಉಳದದ, ಸರಿತಾ. ಈ ಥಂಡ್ಯಾಗ ಕಬ್ಬಿಣ ಬರಫ್ ಆಗಿರ್ತದ. ಬಣ್ಣ ಬಿಡಸೂ ಔಷಧ ಹಚ್ಚಿದ್ರೂ ಏಳಂಗಿಲ್ಲ."

"ಅದಕ್ಕ ಶಟರ್ ಎಳದು, ಒಳಗ ಇದ್ದಿಲ ಸಿಗಡಿ ಹಚ್ಚಿ ಕೂಡಸ್ತಾನೇನು ನಿಮ್ಮ ಮಾಲಕ?"

"ಬಿಸಿ ಹತ್ತಿದ್ರ ಹಪ್ಪಳದಂಗ ಏಳ್ತದ."

"ನಿನ್ನಿ ಭಾವ ಅಲ್ಲೇ ಎಚ್ಚರ ತಪ್ಪಿ ಬಿದ್ದಾರ. ದವಾಖಾನ್ಯಾಗ ಇನ್ನೂ ಕಣ್ಣ ತೆರದಿಲ್ಲ."

"ಅಣ್ಣ ನಾಷ್ಟಾ ಮಾಡಿದ್ದಿಲ್ಲ, ಚಕ್ಕರ್ ಬಂತು ಅಂತಾನ ಮಾಲಕ."

"ನನ್ನ ಕೈಲೆ ರೊಟ್ಟಿ ತಿಂದು ಹೋಗ್ಯಾರ. ಆ ಮಾಲಕ ಎಲ್ಲಿ ಕೂತಿರ್ತಾನ?"

"ಹೊರಗ, ಬಿಸಲಾಗ."

"ಮಷಿನ್ನೂ ಬಿಸಲಾಗ ಇಡ್ರಿ."

"ಗಾಳಿಗೆ ಔಷಧ ಹಾರಿ ಹೋಗ್ತದಂತ. ಲುಕ್ಸಾನ."

"ಶಟರ್ ಹಾಕಿದ್ರ ಎಲ್ಲಿ ಹೋಗ್ತದ್ರಿ ಅದು? ನಿಮ್ಮ ಎದಿಯಾಗ."

ಗಂಡ ಅವಳ ಕೈಯಿಂದ ಅಂಗಿ ಬಿಡಿಸಿಕೊಂಡ. ಅವನು ಹತ್ತಬೇಕಾದ ಬಸವಕಲ್ಯಾಣದ ಬಸ್ಸು ಬಂದು ನಿಂತಿತು.

"ನೀ ಮನಿಗೆ ಹೋಗು."

"ನಾನೂ ಬರ್ತೀನಿ. ಆ ಶಟರಿನ ಕೆಳಗೇ ಕೂಡ್ತೀನಿ. ಅದ್ಹ್ಯಾಂಗ ಎಳಿತಾನ ನೋಡ್ತೀನಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಸರಿತಾ ಬಸ್ಸು ಹತ್ತಿದ್ದಳು.